ಫ್ರಿಡ್ಜ್ ಆಮೇಲೆ, ಮೊದಲು ಬ್ಯಾಟರಿ ತೋರಿಸಿ

ಸುಂಕದಕಟ್ಟೆ, ಹೆಗ್ಗನಹಳ್ಳಿ ಕ್ರಾಸ್, ಶ್ರೀಗಂಧನಗರ, ಕೊಟ್ಟಿಗೆಪಾಳ್ಯದ ಸುತ್ತ ಗಾಡಿ ನಿಲ್ಲಿಸಿಕೊಳ್ಳುವ ಟಿ.ಟಿ. (ಟೆಂಪೋ ಟ್ರಾವೆಲರ್), ಗೂಡ್ಸ್ ಟೆಂಪೋ, ಲಾರಿಯ ಅಣ್ಣ-ತಮ್ಮಂದಿರಿಗೆ, ಸಂಜೆ ಹೊತ್ತು ಗಾಡಿಯಲ್ಲೇ ಕ್ಯಾಂಟೀನ್ ನಡೆಸುವ ಅಕ್ಕಂದಿರಿಗೆ,



ಸ್ಟ್ಯಾಂಡಿನಲ್ಲಿ ಒಂದು ಮಾತು ಓಡಾಡುತ್ತಿದೆ. ಬೇಸಿಗೆಗೆ ಮೊದಲೇ ಚೀಟಿ ದುಡ್ಡಲ್ಲಿ ಎಲ್ಲರಿಗೂ ಒಂದೊಂದು ಗಾಡಿ ಫ್ರಿಡ್ಜ್ ತರಿಸುವುದು, ಒಟ್ಟಿಗೆ ತಗೊಂಡರೆ ರೇಟು ಇಳಿಯುತ್ತದೆ ಎಂದು. ಯಾರೋ ಫೋಟೋ ಕೂಡ ತೋರಿಸಿದರು. ನೀಲಿ ಬಣ್ಣದ ಪೆಟ್ಟಿಗೆ, ಮೇಲೊಂದು ಹಿಡಿ, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಪಿನ್ನು. ನಿಮ್ಮಲ್ಲಿ ಬಹಳ ಜನರ ಗಾಡಿಯ ವೈರಿಂಗ್, ಡೈನಮೋ, ಸೆಲ್ಫ್ ಮೋಟಾರು ನನ್ನ ಕೈಯಲ್ಲಿ ಹಾದುಹೋಗಿವೆ. ಆ ಸಲುಗೆಯಿಂದ ಕೇಳಿಕೊಳ್ಳುತ್ತೇನೆ: ಅಡ್ವಾನ್ಸ್ ಕೊಡಬೇಡಿ, ಒಂದು ವಾರ ತಡೆಯಿರಿ.

ಫ್ರಿಡ್ಜ್ ಬೇಡ ಎನ್ನುತ್ತಿಲ್ಲ. ನಿಮ್ಮ ಬಾಡಿಗೆ ಮನೆ ಸುಂಕದಕಟ್ಟೆಯಲ್ಲಿ, ಮಲಗುವುದು ಮಾತ್ರ ಧರ್ಮಸ್ಥಳದ ಪಾರ್ಕಿಂಗಿನಲ್ಲಿ, ಮಂತ್ರಾಲಯದ ಬಯಲಿನಲ್ಲಿ, ಸಂಕ್ರಾಂತಿವರೆಗೂ ಅಯ್ಯಪ್ಪ ಸ್ವಾಮಿಗಳನ್ನು ಕರೆದುಕೊಂಡು ಪಂಪೆಯ ದಾರಿಯಲ್ಲಿ. ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವ ಹುಡುಗರ ವಿಡಿಯೋ ನೋಡಿ ನಗುತ್ತೀರಿ. ಬಜಾಜ್ ಟೆಂಪೋ ಕಂಪನಿ 1987ರಲ್ಲಿ ಟ್ರಾವೆಲರ್ ಬಿಟ್ಟಾಗಿನಿಂದ ನಮ್ಮ ಕಡೆಯ ಡ್ರೈವರುಗಳು ಅದೇ ಬಾಳು ಬಾಳಿದ್ದಾರೆ, ವಿಡಿಯೋ ಮಾಡಿಲ್ಲ ಅಷ್ಟೆ. ಮೂರೂವರೆ ಟನ್ನಿಗಿಂತ ಮೇಲಿನ ಲಾರಿಗಳ ಕ್ಯಾಬಿನ್ನಿಗೆ, 2025ರ ಅಕ್ಟೋಬರ್ 1ರ ನಂತರ ತಯಾರಾದವಕ್ಕೆ, ಎಸಿ ಕಡ್ಡಾಯ ಎಂದು ಕೇಂದ್ರ ಸರ್ಕಾರವೇ ನಿಯಮ ಮಾಡಿದೆ. ಡ್ರೈವರಿಗೂ ಮೈಯಿದೆ, ಅದಕ್ಕೂ ಸೆಕೆಯಾಗುತ್ತದೆ ಎಂದು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ಹಾಗಿರುವಾಗ ಒಂದು ಲೋಟ ತಣ್ಣನೆ ಮಜ್ಜಿಗೆ ಕೇಳುವುದು ದುಬಾರಿ ಆಸೆಯೇನಲ್ಲ.

ನನ್ನ ತಕರಾರು ಆ ನೀಲಿ ಪೆಟ್ಟಿಗೆಯ ಮೇಲೆ.

ಅದರೊಳಗೆ ಕಂಪ್ರೆಸರ್ ಇಲ್ಲ, ಗ್ಯಾಸಿಲ್ಲ. ಬಿಸ್ಕತ್ತಿನಷ್ಟು ಅಗಲದ ಒಂದು ಬಿಲ್ಲೆ, ಎರಡು ಸಣ್ಣ ಫ್ಯಾನು, ಅಷ್ಟೆ. ಬಿಲ್ಲೆಯಲ್ಲಿ ಕರೆಂಟು ಹರಿದರೆ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಮುಖ ಕಾಯುತ್ತದೆ. 1834ರಲ್ಲಿ ಪೆಲ್ಟಿಯೇ ಎಂಬ ಫ್ರೆಂಚ್ ವಿಜ್ಞಾನಿ ಕಂಡುಹಿಡಿದದ್ದು ಇದನ್ನೇ. ವಯರು ತಿರುಗಾಮುರುಗಾ ಮಾಡಿದರೆ ತಣ್ಣಗಿನ ಮುಖ ಕಾಯುತ್ತದೆ. ಅದಕ್ಕೇ ಈ ಪೆಟ್ಟಿಗೆಗಳ ಮೇಲೆ ‘ಕೋಲ್ಡ್’, ‘ಹಾಟ್’ ಎಂಬ ಸ್ವಿಚ್ ಇರುವುದು. ಕತ್ತಲಲ್ಲಿ ಕೈ ತಾಗಿ ಸ್ವಿಚ್ ಆ ಕಡೆ ಹೋದರೆ ಬೆಳಿಗ್ಗೆ ಹಾಲು ಒಡೆದಿರುತ್ತದೆ.

ಇದನ್ನು ಕೆಟ್ಟ ವಸ್ತು ಎನ್ನಲಾರೆ. ಗೋದ್ರೆಜ್‌ನವರು 2010ರ ಆಸುಪಾಸಿನಲ್ಲಿ ‘ಛೋಟುಕೂಲ್’ ಎಂದು ಇದೇ ತತ್ತ್ವದ ಪೆಟ್ಟಿಗೆ ಬಿಟ್ಟಿದ್ದರು: 43 ಲೀಟರ್, ಎಂಟು ಕೆ.ಜಿ.ಯೊಳಗಿನ ತೂಕ, 12 ವೋಲ್ಟ್. ಫ್ರಿಡ್ಜೇ ಕಾಣದ ಹಳ್ಳಿಮನೆಯಲ್ಲಿ ಹಾಲು-ತರಕಾರಿ ಒಂದೆರಡು ದಿನ ಕೆಡದೆ ಇರಲಿ ಎಂಬುದಷ್ಟೇ ಅದರ ಉದ್ದೇಶ. ಐಸ್ ಮಾಡುತ್ತದೆ ಎಂದು ಯಾರೂ ಮಾತು ಕೊಟ್ಟಿರಲಿಲ್ಲ. ಈ ಬಿಲ್ಲೆಯ ಪೆಟ್ಟಿಗೆ ಹೊರಗಿನ ಸೆಕೆಗಿಂತ ಸುಮಾರು 15ರಿಂದ 20 ಡಿಗ್ರಿ ಇಳಿಸಬಲ್ಲದು, ಅದಕ್ಕಿಂತ ಕೆಳಕ್ಕೆ ಹೋಗದು. ಬೆಂಗಳೂರಿನ ಡಿಸೆಂಬರಿನಲ್ಲಿ ಅದನ್ನು ಅಂಗಡಿಯಲ್ಲಿ ಪರೀಕ್ಷಿಸಿದರೆ ಭೇಷ್ ಅನ್ನಿಸುತ್ತದೆ. ಅದೇ ಪೆಟ್ಟಿಗೆ ಏಪ್ರಿಲ್‌ನಲ್ಲಿ ರಾಯಚೂರಿನ ಬೈಪಾಸಿನಲ್ಲಿ ನಿಂತ ಗಾಡಿಯೊಳಗೆ? ಹೊರಗೆ 42 ಇದ್ದರೆ, ಮುಚ್ಚಿದ ಗಾಡಿಯೊಳಗೆ ಅದಕ್ಕೂ ಹೆಚ್ಚು. ಪೆಟ್ಟಿಗೆಯೊಳಗೆ ಏನಿಲ್ಲವೆಂದರೂ 25. ಹಾಲು, ಮಾಂಸ, ಬೇಯಿಸಿದ ಅಡುಗೆ ಕೆಡದಿರಬೇಕಾದರೆ 5 ಡಿಗ್ರಿಗಿಂತ ಕೆಳಗಿರಬೇಕು. 25 ಡಿಗ್ರಿಯಲ್ಲಿ ಹಾಲು ಹಾಲಾಗಿ ಉಳಿಯುವುದಿಲ್ಲ.

ತಣ್ಣಗೆ ಮಾಡದಿದ್ದರೂ ಹೋಗಲಿ, ಕರೆಂಟನ್ನಾದರೂ ಕಡಿಮೆ ತಿನ್ನುತ್ತದೆಯೇ ಎಂದರೆ ಅದೂ ಇಲ್ಲ. ಇದರಲ್ಲಿ ಸಾಮಾನ್ಯವಾಗಿ ಥರ್ಮೋಸ್ಟಾಟ್ ಇರುವುದಿಲ್ಲ. ತಣ್ಣಗಾಯಿತು, ಇನ್ನು ಸಾಕು ಎಂದು ನಿಲ್ಲುವುದು ಅದಕ್ಕೆ ಗೊತ್ತಿಲ್ಲ. ಹಗಲೂ ರಾತ್ರಿ ನಾಲ್ಕೂವರೆ ಆಂಪಿಯರ್ ಎಳೆಯುತ್ತಲೇ ಇರುತ್ತದೆ. ನಾಲ್ಕೂವರೆ ಆಂಪಿಯರ್ ಎಂದರೆ ಒಂದು 55 ವ್ಯಾಟಿನ ಹೆಡ್‌ಲೈಟ್ ಬಲ್ಬು. ರಾತ್ರಿ ಒಂಬತ್ತಕ್ಕೆ ಹೊರನಾಡಿನಲ್ಲಿ ಗಾಡಿ ನಿಲ್ಲಿಸಿ, ಒಂದು ಹೆಡ್‌ಲೈಟ್ ಉರಿಯಲು ಬಿಟ್ಟು ನೀವು ಮಲಗುತ್ತೀರಾ? ಕ್ಲೀನರ್ ಹುಡುಗ ಹಾಗೆ ಮಾಡಿದರೆ ಬೈಗುಳ ಯಾವ ಮಟ್ಟದ್ದು ಎಂಬುದು ನನಗೆ ಗೊತ್ತು. ಬೆಳಗಿನ ಆರರವರೆಗೆ ಒಂಬತ್ತು ತಾಸು, 40 ಆಂಪಿಯರ್ ಅವರ್ ಖಾಲಿ. ಸೆಲ್ಫ್ ಬ್ಯಾಟರಿ 80-90 ಆಂಪಿಯರ್ ಅವರ್‌ನದ್ದಾದರೆ ಹತ್ತಿರಹತ್ತಿರ ಅರ್ಧ ಹೋಯಿತು. ಬ್ಯಾಟರಿ ಎರಡು ವರ್ಷ ಹಳೆಯದಾಗಿದ್ದು, ಮಲೆನಾಡಿನ ಚಳಿಯೂ ಸೇರಿದರೆ ಬೆಳಿಗ್ಗೆ ಸೆಲ್ಫ್ ತಗೊಳ್ಳುವುದಿಲ್ಲ. ಪೂಜೆ ಮುಗಿಸಿಕೊಂಡು ಬಂದ ಪಾರ್ಟಿ ಟಿ.ಟಿ. ತಳ್ಳಬೇಕು.

ಕಂಪ್ರೆಸರ್ ಇರುವ ಗಾಡಿ ಫ್ರಿಡ್ಜಿನ ಲೆಕ್ಕ ಬೇರೆ. ಮನೆಯ ಫ್ರಿಡ್ಜಿನ ತತ್ತ್ವವೇ, ಆದರೆ ಒಳಗಿನ ಕಂಪ್ರೆಸರ್ ನೇರವಾಗಿ 12 ಅಥವಾ 24 ವೋಲ್ಟಿನಲ್ಲಿ ಓಡುತ್ತದೆ, ಇನ್ವರ್ಟರ್ ಬೇಡ. ಓಡುವಾಗ ಇದೂ ಸುಮಾರು 4 ಆಂಪಿಯರ್ ಎಳೆಯುತ್ತದೆ. ಬೇಕಾದಷ್ಟು ತಣ್ಣಗಾದ ಮೇಲೆ ನಿಲ್ಲುತ್ತದೆ. ತಂಪು ರಾತ್ರಿಯಲ್ಲಿ ಮೂರರಲ್ಲಿ ಒಂದು ಪಾಲು ಹೊತ್ತು ಓಡಿದರೆ ಅದೇ ಒಂಬತ್ತು ತಾಸಿಗೆ 12 ಆಂಪಿಯರ್ ಅವರ್. ರಾಯಚೂರಿನ ಹಗಲಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಓಡೀತು. ಎಲ್ಲ ಸೇರಿಸಿದರೂ 40 ಲೀಟರಿನ ಪೆಟ್ಟಿಗೆಗೆ ದಿನಕ್ಕೆ 35ರಿಂದ 50 ಆಂಪಿಯರ್ ಅವರ್. ಬಿಲ್ಲೆ ಪೆಟ್ಟಿಗೆಗೆ 108. ಬೆಲೆ ನೋಡಿದರೆ ಕಂಪ್ರೆಸರ್‌ನದ್ದು ಮೂರು-ನಾಲ್ಕು ಪಟ್ಟು, 20 ಸಾವಿರದ ಕೆಳಗೆ ಒಳ್ಳೆಯದು ಹುಡುಕುವುದು ಕಷ್ಟ. ಅಗ್ಗದ್ದು ಹೆಚ್ಚು ತಿನ್ನುತ್ತದೆ, ದುಬಾರಿಯದ್ದು ಕಡಿಮೆ ತಿನ್ನುತ್ತದೆ. ಫ್ರಿಡ್ಜಿನಲ್ಲಿ ಉಳಿಸಿದ ದುಡ್ಡನ್ನು ಬ್ಯಾಟರಿ ಅಂಗಡಿಗೆ ಕೊಡುತ್ತೀರಿ.

ಗ್ಯಾಸ್ ಉರಿಯಲ್ಲಿ ನಡೆಯುವ ಮೂರನೆಯ ಬಗೆಯೊಂದಿದೆ. ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ಮಾಡಿದ್ದು, ಸದ್ದಿಲ್ಲ, ವಿದೇಶದ ಕ್ಯಾರವಾನ್‌ಗಳಲ್ಲಿ ಸಿಗುತ್ತದೆ. ಅದು ಸಮತಟ್ಟಾಗಿ ನಿಂತಿರಬೇಕು, ಒಳಗೆ ಜ್ವಾಲೆ ಉರಿಯುತ್ತಿರಬೇಕು. ಚಾರ್ಮಾಡಿ ಘಾಟಿಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಇದರ ಮಾತೇ ಬೇಡ. ಕಂಪ್ರೆಸರ್‌ನದ್ದಾದರೆ 30 ಡಿಗ್ರಿಯವರೆಗಿನ ಓರೆಯನ್ನು ತಡೆದುಕೊಳ್ಳುತ್ತದೆ.

ಕಂಪ್ರೆಸರ್‌ನದ್ದನ್ನೇ ಲಾಟಿನಲ್ಲಿ ತರಿಸೋಣ ಎನ್ನುವಿರಿ. ಅದಕ್ಕೂ ತಡೆಯಿರಿ, ಏಕೆಂದರೆ ನಿಮ್ಮ ಗಾಡಿಗಳು ಒಂದೇ ಥರದವಲ್ಲ.

ಲಾರಿಯವರು ಮೊದಲು ಕೇಳಿ. ನಿಮ್ಮದು 24 ವೋಲ್ಟ್, ಎರಡು ಬ್ಯಾಟರಿ ಸರಣಿಯಲ್ಲಿ. 12 ವೋಲ್ಟಿನ ಟೇಪ್ ರೆಕಾರ್ಡರ್ ಕಾಲದಿಂದಲೂ ಒಂದು ಕೆಟ್ಟ ಅಭ್ಯಾಸ ಬಂದಿದೆ: ಎರಡರಲ್ಲಿ ಒಂದೇ ಬ್ಯಾಟರಿಯಿಂದ ಲೈನು ಎಳೆಯುವುದು. ರೇಡಿಯೋಗೆ ನಡೆದುಹೋಯಿತು, ಫ್ರಿಡ್ಜಿಗೆ ನಡೆಯದು. ಒಂದು ಬ್ಯಾಟರಿ ದಿನಾ ಸೊರಗುತ್ತದೆ, ಇನ್ನೊಂದಕ್ಕೆ ಅತಿ ಚಾರ್ಜ್ ಆಗಿ ನೀರು ಬತ್ತುತ್ತದೆ, ಕೊನೆಗೆ ಜೋಡಿಯೇ ಹೋಗುತ್ತದೆ. 12 ಮತ್ತು 24 ಎರಡನ್ನೂ ತಾನೇ ಗುರುತಿಸುವ ಫ್ರಿಡ್ಜ್ ಮಾತ್ರ ತಗೊಳ್ಳಿ, ಲೈನನ್ನು ಎರಡೂ ಬ್ಯಾಟರಿಯ ಎರಡು ತುದಿಯಿಂದ ಎಳೆಸಿ.

ಟಿ.ಟಿ.ಯವರಿಗೂ ಟಾಟಾ ಏಸ್‌ನವರಿಗೂ 12 ವೋಲ್ಟ್, ಅಲ್ಲಿ ತೊಡಕಿಲ್ಲ. ತೊಡಕಿರುವುದು ನಿಂತ ಗಾಡಿಯಲ್ಲಿ. ಸೆಲ್ಫ್ ಬ್ಯಾಟರಿ ಓಟದ ಕುದುರೆ, ಅದನ್ನು ಗಾಣಕ್ಕೆ ಕಟ್ಟಬಾರದು. ಎರಡು-ಮೂರು ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಮತ್ತೆ ತುಂಬಿಸಿಕೊಳ್ಳುವುದಕ್ಕೆ ಅದರ ಪ್ಲೇಟುಗಳನ್ನು ತೆಳ್ಳಗೆ ಮಾಡಿರುತ್ತಾರೆ. ದಿನಾ ಅರ್ಧ ಖಾಲಿ ಮಾಡಿದರೆ ಒಂದೇ ಸೀಸನ್‌ಗೆ ಮುಗಿಯುತ್ತದೆ. ತಿಂಗಳಲ್ಲಿ ಒಂದೆರಡು ರಾತ್ರಿ ಮಾತ್ರ ಹೊರಗೆ ಹಾಲ್ಟ್ ಮಾಡುವವರು ಎರಡನೇ ಬ್ಯಾಟರಿಯಿಲ್ಲದೆ ಕಂಪ್ರೆಸರ್ ಫ್ರಿಡ್ಜ್ ಇಟ್ಟುಕೊಳ್ಳಬಹುದು, ಆದರೆ ಅದರಲ್ಲಿರುವ ಬ್ಯಾಟರಿ ರಕ್ಷಣೆಯ ಸೆಟ್ಟಿಂಗನ್ನು ‘ಹೈ’ಗೆ ಇಡಬೇಕು. ಆಗ ಬ್ಯಾಟರಿ ತೀರ ಇಳಿಯುವ ಮೊದಲೇ ಫ್ರಿಡ್ಜ್ ತಾನಾಗಿ ನಿಲ್ಲುತ್ತದೆ. ಮೊಸರು ಹುಳಿಯಾದರೂ ಗಾಡಿ ಸ್ಟಾರ್ಟ್ ಆಗುತ್ತದೆ.

ವಾರಕ್ಕೆ ಮೂರು-ನಾಲ್ಕು ರಾತ್ರಿ ಹೊರಗಿರುವವರು ಎರಡನೇ ಬ್ಯಾಟರಿ ಇಲ್ಲದೆ ಫ್ರಿಡ್ಜಿನ ಯೋಚನೆಯನ್ನೇ ಮಾಡಬೇಡಿ. ಮನೆಯ ಇನ್ವರ್ಟರ್‌ನ ಹಳೇ ಟ್ಯೂಬುಲರ್ ಬ್ಯಾಟರಿ ಇದೆ, ಅದನ್ನೇ ಸೀಟಿನ ಕೆಳಗೆ ತಳ್ಳುತ್ತೇನೆ ಎಂದು ಹೇಳುವವರಿದ್ದೀರಿ. ಅದು ನಿಂತಲ್ಲೇ ನಿಲ್ಲಲು ಮಾಡಿದ್ದು. ಕುಲುಕಾಟಕ್ಕೆ ಆಸಿಡ್ ಚೆಲ್ಲುತ್ತದೆ, ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಮುಚ್ಚಿದ ಗಾಡಿಯಲ್ಲಿ ಸೇರಿಕೊಳ್ಳುತ್ತದೆ, ಒಂದು ಕಿಡಿ ಸಾಕು. ಸೀಲ್ ಆದ ಬ್ಯಾಟರಿಯೇ ಆಗಬೇಕು. ದುಡ್ಡಿದ್ದರೆ ಲಿಥಿಯಂ ಐರನ್ ಫಾಸ್ಫೇಟ್. ಸೀಸದ ಬ್ಯಾಟರಿಯಲ್ಲಿ ಬರೆದಿರುವುದರ ಅರ್ಧವನ್ನಷ್ಟೇ ಧೈರ್ಯವಾಗಿ ಬಳಸಬಹುದು. ಲಿಥಿಯಂನಲ್ಲಿ ಹತ್ತರಲ್ಲಿ ಎಂಟು-ಒಂಬತ್ತು ಪಾಲು. ಆದರೆ ಲಿಥಿಯಂ ಅನ್ನು ಡೈನಮೋಗೆ ನೇರ ಜೋಡಿಸಬಾರದು. ಖಾಲಿ ಲಿಥಿಯಂ ಎಷ್ಟು ಕೊಟ್ಟರೂ ಎಳೆಯುತ್ತದೆ, ಡೈನಮೋ ಕಾದು ಸುಡುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಕೆಲವು ಡೈನಮೋ ವೋಲ್ಟೇಜನ್ನು ತಾವೇ ಏರಿಸಿ ಇಳಿಸುವುದರಿಂದ ಇದು ಇನ್ನೂ ಮುಖ್ಯ. ಎಸ್.ಪಿ. ರೋಡಿನಲ್ಲಿ ಸಿಗುವ ಬಿಡಿ ಸೆಲ್ಲುಗಳನ್ನು ಟೇಪು ಸುತ್ತಿ ಬ್ಯಾಟರಿ ಮಾಡಿಕೊಡುವವರಿದ್ದಾರೆ. ಜನ ಮಲಗುವ ಗಾಡಿಗೆ ಅದನ್ನು ನಾನು ಕಟ್ಟಿಕೊಡುವುದಿಲ್ಲ, ಕೇಳಬೇಡಿ.

ವಯರಿನ ಬಗ್ಗೆ ಯಾರೂ ಕೇಳುವುದಿಲ್ಲ, ಅರ್ಧ ದೂರು ಬರುವುದು ಅಲ್ಲಿಂದಲೇ. ಹಿಂದಿನ ಸೀಟಿನವರೆಗೆ ಐದು ಮೀಟರ್ ದೂರಕ್ಕೆ ಒಂದೂವರೆ ಎಂ.ಎಂ. ವಯರಿನಲ್ಲಿ 5 ಆಂಪಿಯರ್ ಕಳಿಸಿದರೆ ದಾರಿಯಲ್ಲೇ ಅರ್ಧ ವೋಲ್ಟಿಗಿಂತ ಹೆಚ್ಚು ಸೋರುತ್ತದೆ. ಬ್ಯಾಟರಿಯಲ್ಲಿ 12.2 ಇದ್ದರೂ ಫ್ರಿಡ್ಜಿಗೆ 11.6 ಕಾಣುತ್ತದೆ, ಬ್ಯಾಟರಿ ಸತ್ತಿದೆ ಎಂದುಕೊಂಡು ಅದು ಆಫ್ ಆಗುತ್ತದೆ. ನೀವು ‘ಡೂಪ್ಲಿಕೇಟ್ ಮಾಲು’ ಎಂದು ಬೈಯುತ್ತೀರಿ. ಅದೇ ದೂರಕ್ಕೆ 6 ಎಂ.ಎಂ. ತಾಮ್ರದ ವಯರು ಹಾಕಿದರೆ ಸೋರಿಕೆ 0.15 ವೋಲ್ಟಿನೊಳಗೆ. ಸಿಗರೇಟ್ ಲೈಟರ್ ಸಾಕೆಟ್ ಮೊಬೈಲಿಗೆ ಸಾಕು. ಗುಂಡಿ ರಸ್ತೆಯಲ್ಲಿ ಪಿನ್ನು ಸಡಿಲವಾಗಿ ಕಾದು ಕರಗಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಫ್ರಿಡ್ಜಿಗೆ ಬೇರೆಯೇ ಲೈನು, ಬ್ಯಾಟರಿಯಿಂದ ಒಂದಡಿಯೊಳಗೆ 15 ಆಂಪಿಯರ್ ಫ್ಯೂಸು. ಫ್ಯೂಸ್ ಇಲ್ಲದೆ ಎಳೆದ ಲೈನಿಗೆ ನಾನು ಕೈ ಹಾಕುವುದಿಲ್ಲ.

ಇನ್ನು ಒಳಗೆ ಏನಿಡುತ್ತೀರಿ? ಕೇಳಿದವರೆಲ್ಲ ಮೊದಲು ಹೇಳಿದ್ದು ನೀರಿನ ಬಾಟಲಿ. ಪಾರ್ಟಿಯವರು ತಣ್ಣೀರು ಕೇಳುತ್ತಾರೆ, ಕೊಟ್ಟರೆ ಭಕ್ಷೀಸು ಚೆನ್ನಾಗಿ ಬರುತ್ತದೆ. ಸರಿ, ಲೆಕ್ಕ ಹಾಕೋಣ. 35 ಡಿಗ್ರಿಯ 20 ಲೀಟರ್ ನೀರನ್ನು 10 ಡಿಗ್ರಿಗೆ ಇಳಿಸಲು ಈ ಸಣ್ಣ ಕಂಪ್ರೆಸರ್ ಎಂಟು-ಒಂಬತ್ತು ತಾಸು ಉಸಿರು ಬಿಡದೆ ಓಡಬೇಕು. ಅಷ್ಟರಲ್ಲಿ ಪಾರ್ಟಿ ಅಷ್ಟೂ ಕುಡಿದು ಹೊಸ ಕೇಸು ತಂದಿಟ್ಟಿರುತ್ತದೆ. ಆ ಕೆಲಸಕ್ಕೆ 6 ಕೆ.ಜಿ. ಐಸ್ ಸಾಕು. ಒಂದು ಕೆ.ಜಿ. ಐಸ್ ಕರಗುವಾಗ ಹೀರುವ ಶಾಖ 93 ವ್ಯಾಟ್ ಅವರ್‌ಗೆ ಸಮ. ಬ್ಯಾಟರಿ ಬೇಡ, ವಯರು ಬೇಡ. ಆದ್ದರಿಂದ ಟಿ.ಟಿ.ಯವರಿಗೆ ನನ್ನ ಸಲಹೆ ಎರಡು ಪೆಟ್ಟಿಗೆ: ಪಾರ್ಟಿಯ ನೀರಿಗೆ ದಪ್ಪ ಗೋಡೆಯ ಐಸ್ ಬಾಕ್ಸು, ನಿಮ್ಮ ಊಟಕ್ಕೆ 20 ಲೀಟರಿನ ಸಣ್ಣ ಕಂಪ್ರೆಸರ್ ಫ್ರಿಡ್ಜು. ಹಿಂದಿನ ರಾತ್ರಿ ಮನೆಯ ಫ್ರೀಜರಿನಲ್ಲಿ ನೀರಿನ ಬಾಟಲಿಯನ್ನೇ ಗಟ್ಟಿ ಮಾಡಿಕೊಂಡರೆ ಅದೇ ಐಸು, ಕರಗಿದ ಮೇಲೆ ಅದೇ ಕುಡಿಯುವ ನೀರು. ಫ್ರಿಡ್ಜನ್ನೂ ಹಿಂದಿನ ರಾತ್ರಿಯೇ ಮನೆಯ ಕರೆಂಟಿಗೆ ಹಾಕಿ ತಣ್ಣಗೆ ಮಾಡಿ ತುಂಬಿಸಿ. ಬಿಸಿ ಸಾರಿನ ಡಬ್ಬಿ ಇಟ್ಟು ಬ್ಯಾಟರಿಯ ಕೈಲಿ ಆರಿಸಬೇಡಿ.

ಬಹಳಷ್ಟು ಊಟಕ್ಕೆ ಫ್ರಿಡ್ಜೇ ಬೇಡ ಎಂಬುದನ್ನು ನಿಮ್ಮ ಮನೆಯವರು ನನಗಿಂತ ಚೆನ್ನಾಗಿ ಬಲ್ಲರು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ ಇವೆಲ್ಲ ಪ್ರಯಾಣಕ್ಕೆಂದೇ ಹುಟ್ಟಿದವು. ಹುಬ್ಬಳ್ಳಿ ಕಡೆಯ ಲಾರಿಯವರು ಕಟಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಂಡು ವಾರಗಟ್ಟಲೆ ಓಡಾಡುತ್ತಾರೆ. ನಂದಿನಿ ಗುಡ್‌ಲೈಫ್ ಹಾಲಿನ ಪೊಟ್ಟಣ ಒಡೆಯುವವರೆಗೂ ಹೊರಗೇ ಇರಬಹುದು. ಮುದ್ದೆಯನ್ನಂತೂ ಫ್ರಿಡ್ಜಿನಲ್ಲಿಟ್ಟು ತಿನ್ನುವ ಪಾಪ ಯಾರೂ ಮಾಡಬೇಡಿ. ಉಳಿಯುವುದು ಮೊಸರು, ಹಸಿ ಹಾಲು, ಬೇಯಿಸಿದ ಪಲ್ಯ-ಸಾರು, ಮೀನು-ಮಾಂಸ. ಅದಕ್ಕೆ 20 ಲೀಟರ್ ಧಾರಾಳ.

ಕ್ಯಾಂಟೀನ್ ಅಕ್ಕಂದಿರಿಗೆ ಬೇರೆ ಮಾತು. ಐದು ತಾಸಿನ ವ್ಯಾಪಾರಕ್ಕೆ ಫ್ರಿಡ್ಜ್ ಕೊಳ್ಳಬೇಡಿ. ಒಳ್ಳೆಯ ಐಸ್ ಬಾಕ್ಸು, ಅದರೊಳಗೊಂದು ಥರ್ಮಾಮೀಟರು. ಹಸಿ ಕೋಳಿ 5 ಡಿಗ್ರಿ ದಾಟುತ್ತಿದೆ ಎಂದರೆ ಇನ್ನಷ್ಟು ಐಸ್ ಹಾಕಿ. ಮೀನಿಗೆಂದು ಮಾಡಿದ ಐಸನ್ನು ಮಾತ್ರ ಜ್ಯೂಸ್ ಲೋಟಕ್ಕೆ ಹಾಕಬೇಡಿ.

ಇಷ್ಟು ಹೊತ್ತು ಊಟದ ಮಾತಾಯಿತು. ಲಾಟಿನ ಮಾತು ತೆಗೆದವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ: ನಿಮ್ಮಲ್ಲಿ ಕೆಲವರು ಇನ್ಸುಲಿನ್ ತಗೊಳ್ಳುತ್ತೀರಿ, ಸ್ಟ್ಯಾಂಡಿನಲ್ಲಿ ಹೇಳಿಕೊಳ್ಳುವುದಿಲ್ಲ. ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಸುತ್ತಿರುವುದನ್ನು ಹೊರಗಿಡಬಹುದು, ಹೆಚ್ಚಿನವನ್ನು ನಾಲ್ಕು ವಾರದವರೆಗೆ, ಆದರೆ 25-30 ಡಿಗ್ರಿಗಿಂತ ಹೆಚ್ಚು ಕಾಯಬಾರದು. ನಿಮ್ಮದಕ್ಕೆ ಎಷ್ಟು ಎಂದು ಪೊಟ್ಟಣದ ಮೇಲೆ ನೋಡಿ, ಡಾಕ್ಟರನ್ನೂ ಕೇಳಿ. ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಅದು ಹಾಳು. ಐಸಿಗೆ ತಾಗಿಸಿ ಇಟ್ಟರೂ ಹಾಳು, ಏಕೆಂದರೆ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಬಿಲ್ಲೆ ಪೆಟ್ಟಿಗೆಯನ್ನು ಇದಕ್ಕೆ ನಂಬಬೇಡಿ. ಕಂಪ್ರೆಸರ್ ಫ್ರಿಡ್ಜನ್ನು 5ಕ್ಕೆ ಇಟ್ಟು, ಗೋಡೆಗೆ ತಾಗದಂತೆ ಡಬ್ಬಿಯಲ್ಲಿಡಿ. ಬಳಕೆಯಲ್ಲಿರುವ ಒಂದು ಪೆನ್ನಿಗೆ ಮಾತ್ರ ಸಾಕೆಂದರೆ ಮಣ್ಣಿನ ಮಡಕೆಯ ಹಳೆಯ ಉಪಾಯ ಇದೆ: ದೊಡ್ಡ ಮಡಕೆ, ಒಳಗೆ ಸಣ್ಣದು, ನಡುವೆ ಒದ್ದೆ ಮರಳು. ನೀರು ಆರುತ್ತ ತಂಪು ಕೊಡುತ್ತದೆ. ಗುಜರಾತಿನ ವಾಂಕಾನೇರ್‌ನ ಮನ್ಸುಖ್‌ಭಾಯ್ ಪ್ರಜಾಪತಿಯವರು ಜೇಡಿಮಣ್ಣಿನ ‘ಮಿಟ್ಟಿಕೂಲ್’ ಫ್ರಿಡ್ಜ್ ಮಾಡಿರುವುದೂ ಈ ತತ್ತ್ವದ ಮೇಲೆಯೇ. ಒಣ ಸೆಕೆಯ ಕಲಬುರಗಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಮಂಗಳೂರಿನ ಬೆವರಿಳಿಯುವ ಗಾಳಿಯಲ್ಲಿ ನೀರು ಆರುವುದೇ ಇಲ್ಲ, ತಂಪೂ ಇಲ್ಲ. ಕರಾವಳಿ ಟ್ರಿಪ್ಪಿನವರು ಮಡಕೆ ನೆಚ್ಚಬೇಡಿ. ಚೀಟಿ ದುಡ್ಡಿನಲ್ಲಿ ಮೊದಲು ಯಾರಿಗೆ ಎಂಬ ಪ್ರಶ್ನೆ ಬಂದರೆ ನನ್ನ ಉತ್ತರ: ಇನ್ಸುಲಿನ್ ತಗೊಳ್ಳುವವರಿಗೆ. ಹೆಸರು ಕೂಗುವುದು ಬೇಡ, ಅವರೇ ಬಂದು ನನ್ನ ಹತ್ತಿರ ಹೇಳಲಿ.

ಇಡುವ ಜಾಗ: ಎಂಜಿನ್ ಬಾನೆಟ್ ಕ್ಯಾಬಿನ್ನಿನೊಳಗೇ ಇರುವ ಗಾಡಿಗಳಲ್ಲಿ ಎಲ್ಲ ಸಾಮಾನೂ ಅದರ ಮೇಲೆಯೇ. ಫ್ರಿಡ್ಜನ್ನು ಅಲ್ಲಿಡಬೇಡಿ, ಒಲೆಯ ಮೇಲೆ ಇಟ್ಟು ತಣ್ಣಗೆ ಮಾಡು ಎಂದಂತೆ ಆಗುತ್ತದೆ. ಗಾಳಿ ಜಾಲರಿಯ ಮುಂದೆ ನಾಲ್ಕು ಬೆರಳು ಜಾಗ ಬಿಡಿ, ರಾತ್ರಿ ಕಂಬಳಿ ಹೊದಿಸಬೇಡಿ. ಬೆಲ್ಟಿನಿಂದ ನೆಲಕ್ಕೆ ಬಿಗಿಯಿರಿ. ತುಂಬಿದ ಪೆಟ್ಟಿಗೆ 20 ಕೆ.ಜಿ. ದಾಟುತ್ತದೆ, ಬ್ರೇಕ್ ಹೊಡೆದಾಗ ಅದು ನಿಮ್ಮ ಬೆನ್ನಿಗೇ ಬರುವುದು. ಬಾಗಿಲು ಮೇಲಕ್ಕೆ ತೆರೆಯುವಂಥದ್ದೇ ಮೇಲು, ಮುಂದಕ್ಕೆ ತೆರೆದರೆ ತಣ್ಣನೆ ಗಾಳಿಯೆಲ್ಲ ನೆಲಕ್ಕೆ ಸುರಿಯುತ್ತದೆ. ಸೀಟು ಕಿತ್ತು ಮಂಚ-ಅಡುಗೆಮನೆ ಮಾಡಿಸುವ ಯೋಚನೆ ಇರುವವರು ಮೊದಲು ಆರ್‌ಟಿಓಗೆ ಹೋಗಿ. ಗಾಡಿ ಕೆಎ-02 ಇರಲಿ, ಕೆಎ-41 ಇರಲಿ, ಆರ್.ಸಿ.ಯಲ್ಲಿರುವುದಕ್ಕೆ ಹೊಂದದಂತೆ ಗಾಡಿ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಮೇಲೆ ಸೋಲಾರ್ ಹಾಕಲೇ ಎಂದವರಿಗೆ: 100 ವ್ಯಾಟಿನ ಪ್ಯಾನಲ್ ಒಳ್ಳೆಯ ಬಿಸಿಲಿನ ದಿನ 25-30 ಆಂಪಿಯರ್ ಅವರ್ ಕೊಡುತ್ತದೆ, ಗೂಡ್ಸ್ ಗಾಡಿಗೆ ಸರಿ. ಟಿ.ಟಿ.ಯ ಕ್ಯಾರಿಯರ್ ತುಂಬ ಪಾರ್ಟಿಯ ಲಗೇಜು ಇರುವಾಗ ಯಾವ ಬಿಸಿಲು?

ಈ ಭಾನುವಾರ ಬೆಳಿಗ್ಗೆ ಎಂಟರ ನಂತರ ಗಾಡಿ ತನ್ನಿ. ಹಿಂದಿನ ರಾತ್ರಿಯಿಂದ ಸ್ಟಾರ್ಟ್ ಮಾಡದೆ ನಿಂತಿದ್ದ ಬ್ಯಾಟರಿಯನ್ನು ನೋಡಬೇಕು, ಹತ್ತಿರದವರು ತಳ್ಳಿಕೊಂಡೇ ಬಂದರೂ ಸರಿ. ದೂರದವರು ಹೇಳಿ, ನಾನೇ ಮೀಟರು ಹಿಡಿದು ಬರುತ್ತೇನೆ. 12.6 ತೋರಿಸಿದರೆ ಮಾತಾಡೋಣ, 12.2ಕ್ಕಿಂತ ಕೆಳಗಿದ್ದರೆ ಚೀಟಿ ದುಡ್ಡು ಮೊದಲು ಬ್ಯಾಟರಿಗೆ. ಮೀಟರು ಹಿಡಿದಿದ್ದಕ್ಕೆ ದುಡ್ಡು ಬೇಡ. ತಿಂಗಳಿಗೆ ಎಷ್ಟು ರಾತ್ರಿ ಹಾಲ್ಟ್, ಯಾವ ಕಡೆಯ ಟ್ರಿಪ್ಪು ಹೆಚ್ಚು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಲಾಟಿನ ಮಾತಾಡುತ್ತಿರುವವರು ಮಾರುವವನಿಂದ ಎರಡು ಉತ್ತರ ಬರಹದಲ್ಲಿ ತನ್ನಿ: ಹೊರಗೆ 43 ಡಿಗ್ರಿ ಇರುವಾಗ ಒಳಗೆ ಎಷ್ಟಿರುತ್ತದೆ, ಮತ್ತು ಗ್ಯಾಸ್ ಹೋದರೆ ಬೆಂಗಳೂರಿನಲ್ಲಿ ತುಂಬಿಕೊಡುವವರು ಯಾರು. ಎರಡನೆಯದಕ್ಕೆ ‘ಗ್ಯಾಸೇ ಇಲ್ಲ ಸಾರ್’ ಎಂದು ಉತ್ತರ ಬಂದರೆ ಅದು ಬಿಲ್ಲೆ ಪೆಟ್ಟಿಗೆ, ಅಲ್ಲಿಂದ ಎದ್ದು ಬನ್ನಿ.

ಇತಿ ನಿಮ್ಮವ,
ನಿಮ್ಮ ಗಾಡಿಗಳ ವೈರಿಂಗ್ ಮಾಡುವವನು
ಸುಂಕದಕಟ್ಟೆ, ಮಾಗಡಿ ರಸ್ತೆ